ನೆಲದ ಒಡೆತನ, ಮನೆಯ ಹಕ್ಕು: ಸಮುದಾಯ ನಿರ್ವಹಣೆಯ ವಸತಿ ಪದ್ಧತಿಗಳ ತೌಲನಿಕ ವಿವೇಚನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಸಾಮಾನ್ಯವಾಗಿ ಖರ್ಚು ಮತ್ತು ಕಷ್ಟಗಳ ದೃಷ್ಟಿಯಿಂದ ಅರ್ಥೈಸಲಾಗುತ್ತದೆ. ಈ ಎರಡು ಕಾರ್ಯಗಳನ್ನು ಗಾದೆಯು ಜೊತೆಗಿಟ್ಟು ಹೇಳಿರುವುದಕ್ಕೆ ಇನ್ನೊಂದು ಕಾರಣವನ್ನೂ ಕಾಣಬಹುದು. ಇವೆರಡೂ ಒಂದು ಕುಟುಂಬ ಏಕಾಂಗಿಯಾಗಿ ನಿಭಾಯಿಸಲಾಗದ ಕಾರ್ಯಗಳು. ಮದುವೆಯಲ್ಲಿ ನೆಂಟರಿಷ್ಟರು ಓದಿಸುವ ಕಾಣಿಕೆಗೂ ಹೊಲಮನೆಗಳ ಕೆಲಸಕ್ಕೆ ನೆರೆಯವರು ಬಂದು ಕೊಡುವ ದುಡಿಮೆಗೂ ಕನ್ನಡದಲ್ಲಿ ಒಂದೇ ಹೆಸರಿದೆ: ಮುಯ್ಯಿ. ಇಂದು ಪಡೆದುದನ್ನು ನಾಳೆ ಹಿಂದಿರುಗಿಸಬೇಕೆಂಬ ಕಟ್ಟುಪಾಡಿಗೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಆದರೂ ಅದು ತಲೆಮಾರುಗಳ ಕಾಲ ನಡೆದುಕೊಂಡು ಬಂದಿದೆ.

ನಗರಗಳು ಬೆಳೆದಂತೆ ಈ ಬಗೆಯ ಪರಸ್ಪರಾವಲಂಬನೆಯ ಸ್ಥಾನವನ್ನು ಎರಡು ಶಕ್ತಿಗಳು ಆಕ್ರಮಿಸಿಕೊಂಡವು. ಒಂದು ಮಾರುಕಟ್ಟೆ, ಇನ್ನೊಂದು ಸರ್ಕಾರ. ಮಾರುಕಟ್ಟೆಯು ಮನೆಯನ್ನು ಸರಕಾಗಿಸಿತು. ಸರ್ಕಾರವು ಬಡವರಿಗೆ ಮನೆಯನ್ನು ಸವಲತ್ತಾಗಿ ಹಂಚಿತು. ಇವೆರಡರ ನಡುವೆ, ನಿವಾಸಿಗಳೇ ಸಂಘಟಿತರಾಗಿ ನೆಲವನ್ನು ಹಿಡಿದು, ಮನೆಗಳನ್ನು ಕಟ್ಟಿಸಿ, ಅವುಗಳ ಬೆಲೆ ಬಡವರ ಕೈ ಮೀರದಂತೆ ನೋಡಿಕೊಳ್ಳುವ ಮೂರನೆಯ ಪದ್ಧತಿಯೊಂದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಲವು ದೇಶಗಳಲ್ಲಿ ರೂಪುಗೊಂಡಿತು. ಭಿನ್ನ ಕಾನೂನು ಪರಂಪರೆಗಳಲ್ಲಿ ಈ ಪದ್ಧತಿ ಹೇಗೆ ನೆಲೆಯೂರಿತು, ಎಲ್ಲಿ ಅಪಾಯಕ್ಕೆ ಒಳಗಾಯಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಕಾನೂನಿನ ಆಕಾರ ದೇಶದಿಂದ ದೇಶಕ್ಕೆ ಬೇರೆಯಾದರೂ ಒಳಗಿನ ಪ್ರಶ್ನೆ ಒಂದೇ: ನೆಲ ಯಾರದು, ಮನೆ ಯಾರದು, ಮನೆ ಬಿಟ್ಟು ಹೋಗುವವನು ಎಷ್ಟನ್ನು ತನ್ನೊಂದಿಗೆ ಒಯ್ಯಬಹುದು?

1. ನೆಲ ಮತ್ತು ಮನೆ: ಕಾನೂನಿನ ಮೂರು ನಿಲುವುಗಳು

ಯುರೋಪಿನ ಮುಖ್ಯಭೂಮಿಯ ಕಾನೂನುಗಳಿಗೆ ರೋಮನ್ ಕಾನೂನು ತಾಯಿಬೇರು. ನೆಲಕ್ಕೆ ಅಂಟಿಕೊಂಡದ್ದೆಲ್ಲ ನೆಲದ ಒಡೆಯನಿಗೇ ಸೇರತಕ್ಕದ್ದು ಎಂಬುದು ಅದರ ಪ್ರಸಿದ್ಧ ಸೂತ್ರ. 1804ರ ಫ್ರೆಂಚ್ ನಾಗರಿಕ ಸಂಹಿತೆಯು ಇದನ್ನು ಸ್ಪಷ್ಟವಾಗಿ ಅಂಗೀಕರಿಸಿತು. ಆ ಸಂಹಿತೆಯನ್ನು ಅನುಸರಿಸಿದ ದೇಶಗಳಲ್ಲಿ ನೆಲದ ಒಡೆತನವೂ ಮನೆಯ ಒಡೆತನವೂ ಒಂದೇ ಕೈಯಲ್ಲಿರುವುದು ಸಹಜವೆಂಬ ಭಾವನೆ ಬಲವಾಯಿತು. ಆದರೆ ರೋಮನ್ ಕಾನೂನು ಈ ಸೂತ್ರಕ್ಕೆ ಅಪವಾದವನ್ನೂ ಇಟ್ಟುಕೊಂಡಿತ್ತು. ಪರರ ನೆಲದ ಮೇಲೆ ಕಟ್ಟಡವನ್ನು ಹೊಂದಿರುವ ಹಕ್ಕನ್ನು ಅದು ‘ಸೂಪರ್‌ಫಿಸೀಸ್’ ಎಂದು ಕರೆಯಿತು. ಕನ್ನಡದಲ್ಲಿ ಇದನ್ನು ‘ಮೇಲ್ಮೈ ಹಕ್ಕು’ ಎನ್ನಬಹುದು.

ಇಂಗ್ಲೆಂಡಿನ ಕಾನೂನು ಬೇರೆ ದಾರಿ ಹಿಡಿಯಿತು. ಅಲ್ಲಿ ದೀರ್ಘಾವಧಿ ಗುತ್ತಿಗೆಯೇ ಒಂದು ಬಗೆಯ ಸ್ವತ್ತು. ನೆಲದ ಒಡೆಯ ಒಬ್ಬನಾಗಿದ್ದು, 99 ವರ್ಷಗಳ ಗುತ್ತಿಗೆಯ ಮೇಲೆ ಮನೆಯನ್ನು ಅನುಭವಿಸುವವನು ಇನ್ನೊಬ್ಬನಾಗಿರುವುದು ಆ ಪರಂಪರೆಯಲ್ಲಿ ನಿತ್ಯದ ವ್ಯವಹಾರ.

ಭಾರತದ ಸಂಪ್ರದಾಯ ಈ ಎರಡಕ್ಕಿಂತ ಭಿನ್ನ. ಈ ದೇಶದ ರೂಢಿಯ ಪ್ರಕಾರ ಕಟ್ಟಡವು ನೆಲಕ್ಕೆ ಅಂಟಿಕೊಂಡ ಮಾತ್ರಕ್ಕೆ ನೆಲದ ಒಡೆಯನ ಸ್ವತ್ತಾಗುವುದಿಲ್ಲವೆಂದು 1866ರಲ್ಲಿ ಕಲ್ಕತ್ತಾ ಹೈಕೋರ್ಟು ಅಭಿಪ್ರಾಯಪಟ್ಟಿತು. ನೆಲ ಒಬ್ಬರದು, ಕಟ್ಟಡ ಇನ್ನೊಬ್ಬರದು ಆಗಿರಬಹುದೆಂಬ ಈ ತತ್ತ್ವವು ಭಾರತೀಯ ನ್ಯಾಯಾಲಯಗಳಲ್ಲಿ ಮುಂದೆಯೂ ಮಾನ್ಯವಾಗಿ ಉಳಿಯಿತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ ಗುತ್ತಿಗೆದಾರನು ತಾನು ನೆಲಕ್ಕೆ ಸೇರಿಸಿದ್ದನ್ನು ಬಿಡಿಸಿಕೊಂಡು ಹೋಗಲು ಅವಕಾಶ ನೀಡಿದೆ. ಜನಪದದ ನಡವಳಿಕೆಯೊಂದನ್ನು ಬ್ರಿಟಿಷ್ ಕಾಲದ ನ್ಯಾಯಾಲಯವು ಕಾನೂನಾಗಿ ಒಪ್ಪಿಕೊಂಡ ನಿದರ್ಶನಗಳಲ್ಲಿ ಇದು ಮಹತ್ವದ್ದು.

ಕರ್ನಾಟಕದ ಕರಾವಳಿಯ ಮೂಲಗೇಣಿ ಪದ್ಧತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ವರ್ಷ ವರ್ಷಕ್ಕೆ ಬದಲಾಗಬಹುದಾದ ಚಾಲಗೇಣಿಗಿಂತ ಭಿನ್ನವಾದ ಮೂಲಗೇಣಿಯಲ್ಲಿ ಗೇಣಿಯ ಮೊತ್ತ ಸ್ಥಿರ, ಅವಧಿ ಶಾಶ್ವತ, ಹಕ್ಕು ವಂಶಪಾರಂಪರ್ಯ. ಮಂಗಳೂರಿನಂತಹ ಪಟ್ಟಣಗಳಲ್ಲಿ ಮೂಲಗೇಣಿಯ ನೆಲದ ಮೇಲೆ ತಲೆಮಾರುಗಳಿಂದ ಮನೆ ಕಟ್ಟಿಕೊಂಡು ಬಾಳಿದ ಕುಟುಂಬಗಳಿವೆ. ಇಲ್ಲಿ ನೆಲದ ಒಡೆಯ ಸಾಮಾನ್ಯವಾಗಿ ಒಬ್ಬ ವ್ಯಕ್ತಿ ಅಥವಾ ಒಂದು ಮನೆತನವೇ ಹೊರತು ಸಮುದಾಯವಲ್ಲ. ಆದುದರಿಂದ ಮೂಲಗೇಣಿಯು ಸಮುದಾಯ ವಸತಿಯ ಮಾದರಿಯಾಗಲಾರದು. ಆದರೆ ನೆಲ ಮತ್ತು ಮನೆಗಳನ್ನು ಬೇರೆ ಬೇರೆ ಹಕ್ಕುಗಳಾಗಿ ಕಾಣುವ ದೃಷ್ಟಿ ನಮ್ಮ ನಾಡಿಗೆ ಹೊರಗಿನದಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗಿದೆ.

2. ಇಲವಾಲದಿಂದ ಜಾರ್ಜಿಯಾಕ್ಕೆ: ಗ್ರಾಮದಾನದ ಪಯಣ

1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ವಿನೋಬಾ ಭಾವೆಯವರಿಗೆ ದೊರೆತ ಭೂಮಿಯಿಂದ ಭೂದಾನ ಚಳವಳಿ ಆರಂಭವಾಯಿತು. ಮರುವರ್ಷ ಉತ್ತರ ಪ್ರದೇಶದ ಮಂಗ್ರೋಠ್ ಗ್ರಾಮದವರು ಊರಿನ ಭೂಮಿಯನ್ನೇ ಒಟ್ಟಾಗಿ ಅರ್ಪಿಸುವುದರೊಂದಿಗೆ ಭೂದಾನವು ಗ್ರಾಮದಾನಕ್ಕೆ ತಿರುಗಿತು. 1957ರ ಸೆಪ್ಟೆಂಬರ್ 21 ಮತ್ತು 22ರಂದು ಮೈಸೂರಿನ ಸಮೀಪದ ಇಲವಾಲದಲ್ಲಿ ನಡೆದ ಗ್ರಾಮದಾನ ಪರಿಷತ್ತಿನಲ್ಲಿ ಪ್ರಧಾನಿ ಜವಾಹರಲಾಲ್ ನೆಹರು ಅವರೂ ಹಲವು ಪಕ್ಷಗಳ ನಾಯಕರೂ ಭಾಗವಹಿಸಿ ಈ ಚಳವಳಿಗೆ ಬೆಂಬಲ ವ್ಯಕ್ತಪಡಿಸಿದರು. ರಾಷ್ಟ್ರಮಟ್ಟದಲ್ಲಿ ಗ್ರಾಮದಾನಕ್ಕೆ ಮನ್ನಣೆ ತಂದ ಈ ಸಮಾವೇಶ ಕನ್ನಡ ನೆಲದಲ್ಲಿ ನಡೆದುದು ಗಮನಾರ್ಹ.

1965ರಿಂದ ಪ್ರಚಾರಕ್ಕೆ ಬಂದ ‘ಸುಲಭ ಗ್ರಾಮದಾನ’ದ ಕಲ್ಪನೆ ಪ್ರಸ್ತುತ ವಿಷಯಕ್ಕೆ ಅತ್ಯಂತ ಹತ್ತಿರದ್ದು. ಅದರಂತೆ ಭೂಮಿಯ ಒಡೆತನ ಗ್ರಾಮಸಭೆಗೆ ಸೇರುತ್ತದೆ. ಇಪ್ಪತ್ತರಲ್ಲಿ ಒಂದು ಪಾಲು ಭೂಹೀನರಿಗೆ ಹೋಗುತ್ತದೆ. ಉಳಿದುದನ್ನು ಉಳುವ ಹಕ್ಕು ಮೊದಲಿನ ಕುಟುಂಬದಲ್ಲಿಯೇ ವಂಶಪಾರಂಪರ್ಯವಾಗಿ ಮುಂದುವರಿಯುತ್ತದೆ. ಹೊರಗಿನವರಿಗೆ ಪರಭಾರೆ ಮಾಡುವ ಅಧಿಕಾರ ಮಾತ್ರ ಇಲ್ಲ. ಒಡೆತನ ಊರಿನದು, ಅನುಭವ ಕುಟುಂಬದ್ದು ಎಂಬ ಈ ವಿಭಜನೆಯೇ ಮುಂದೆ ಸಾಗರದಾಚೆ ವಸತಿ ಪದ್ಧತಿಯೊಂದರ ಅಡಿಪಾಯವಾಯಿತು.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನಾಗರಿಕ ಹಕ್ಕುಗಳ ಹೋರಾಟ ತೀವ್ರವಾಗಿದ್ದಾಗ, ಮತದಾರರಾಗಿ ನೋಂದಾಯಿಸಿಕೊಳ್ಳಲು ಮುಂದಾದ ಕಪ್ಪು ಜನಾಂಗದ ಗೇಣಿದಾರರನ್ನು ಭೂಮಾಲೀಕರು ಮನೆ ಮತ್ತು ಹೊಲಗಳಿಂದ ಹೊರಹಾಕುತ್ತಿದ್ದರು. ಮತದ ಹಕ್ಕು ಉಳಿಯಬೇಕಾದರೆ ಕಾಲಿಡುವ ನೆಲ ತಮ್ಮದಾಗಿರಬೇಕೆಂಬ ಅರಿವು ಹೋರಾಟಗಾರರಲ್ಲಿ ಮೂಡಿದುದು ಈ ಸಂದರ್ಭದಲ್ಲಿ. ಜಾರ್ಜಿಯಾ ರಾಜ್ಯದ ಆಲ್ಬನಿ ನಗರದ ಸ್ಲೇಟರ್ ಕಿಂಗ್, ಚಾರ್ಲ್ಸ್ ಶೆರಾಡ್ ಮೊದಲಾದವರು ರಾಬರ್ಟ್ ಸ್ವಾನ್ ಅವರೊಂದಿಗೆ ಸೇರಿ ಇದಕ್ಕೆ ದಾರಿ ಹುಡುಕಿದರು. ಸ್ವಾನ್ ಅವರಿಗೆ ಗಾಂಧೀ ವಿಚಾರಧಾರೆ ಮತ್ತು ಗ್ರಾಮದಾನದ ಪರಿಚಯವಿತ್ತು. 1968ರಲ್ಲಿ ಒಂದು ತಂಡ ಇಸ್ರೇಲಿಗೆ ಹೋಗಿ ಅಲ್ಲಿನ ಸಾಮೂಹಿಕ ಭೂಗುತ್ತಿಗೆಯನ್ನು ಅಧ್ಯಯನ ಮಾಡಿತು. 1969ರಲ್ಲಿ ‘ನ್ಯೂ ಕಮ್ಯುನಿಟೀಸ್’ ಎಂಬ ಸಂಸ್ಥೆ ಹುಟ್ಟಿಕೊಂಡು, ಸುಮಾರು 5,700 ಎಕರೆ ಭೂಮಿಯನ್ನು ಖರೀದಿಸಿತು. ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್ ಎಂದು ಹೆಸರಾದ, ಈ ಲೇಖನದಲ್ಲಿ ‘ಭೂ ಟ್ರಸ್ಟ್’ ಎಂದು ಕರೆಯಲಾಗಿರುವ ಪದ್ಧತಿಯ ಮೊದಲ ರೂಪ ಇದು.

ಗ್ರಾಮದಾನದ ತತ್ತ್ವ ಅಮೆರಿಕದ ಕಾನೂನಿನಲ್ಲಿ ನೆಲೆ ಕಂಡುಕೊಂಡ ಬಗೆ ಕುತೂಹಲಕರವಾಗಿದೆ. ಭಾರತದಲ್ಲಿ ಗ್ರಾಮಸಭೆಗೆ ಭೂಮಿಯ ಒಡೆತನ ಕೊಡಲು ರಾಜ್ಯಗಳು ಪ್ರತ್ಯೇಕ ಕಾಯಿದೆಗಳನ್ನೇ ಮಾಡಬೇಕಾಯಿತು. ಅಮೆರಿಕದಲ್ಲಿ ಅಂತಹ ಕಾಯಿದೆ ಇರಲಿಲ್ಲ, ಗ್ರಾಮಸಭೆಯೂ ಇರಲಿಲ್ಲ. ಆದುದರಿಂದ ಲಾಭರಹಿತ ಸಂಸ್ಥೆಯೊಂದನ್ನು ನೋಂದಾಯಿಸಿ, ಅದರ ಹೆಸರಿನಲ್ಲಿ ನೆಲವನ್ನಿಟ್ಟು, ಇಂಗ್ಲಿಷ್ ಪರಂಪರೆಯ ದೀರ್ಘಾವಧಿ ಗುತ್ತಿಗೆಯ ಮೂಲಕ ಕುಟುಂಬಗಳಿಗೆ ಅನುಭವದ ಹಕ್ಕನ್ನು ಕೊಡಲಾಯಿತು.

ನ್ಯೂ ಕಮ್ಯುನಿಟೀಸ್ ಸಂಸ್ಥೆಯ ಬಾಳು ಸುಗಮವಾಗಿರಲಿಲ್ಲ. ಬರಗಾಲದ ವರ್ಷಗಳಲ್ಲಿ ಸರ್ಕಾರಿ ತುರ್ತು ಸಾಲ ಸಕಾಲದಲ್ಲಿ ದೊರೆಯದೆ ಸಾಲದ ಹೊರೆ ಬೆಳೆದು, 1985ರಲ್ಲಿ ಭೂಮಿ ಕೈತಪ್ಪಿತು. ಕಪ್ಪು ರೈತರ ವಿರುದ್ಧ ಸಾಲ ನೀಡಿಕೆಯಲ್ಲಿ ನಡೆದ ತಾರತಮ್ಯಕ್ಕೆ ಸಂಬಂಧಿಸಿದ ಮೊಕದ್ದಮೆಯ ಫಲವಾಗಿ 2009ರಲ್ಲಿ ಸಂಸ್ಥೆಗೆ ಸುಮಾರು 1.2 ಕೋಟಿ ಡಾಲರ್ ಪರಿಹಾರ ದೊರೆಯಿತು. ಭೂಮಿಯನ್ನು ಸಮುದಾಯದ ಹೆಸರಿನಲ್ಲಿ ಇಟ್ಟ ಮಾತ್ರಕ್ಕೆ ಅದು ಸುರಕ್ಷಿತವಲ್ಲ, ಸಾಲದ ವ್ಯವಸ್ಥೆಯೂ ನ್ಯಾಯಸಮ್ಮತವಾಗಿರಬೇಕು ಎಂಬ ಪಾಠವನ್ನು ಈ ಪ್ರಕರಣ ಉಳಿಸಿದೆ.

3. ಬರ್ಲಿಂಗ್ಟನ್: ಬೆಲೆಯ ಕಟ್ಟುಪಾಡು

ಕೃಷಿಭೂಮಿಗಾಗಿ ಹುಟ್ಟಿದ ಈ ಪದ್ಧತಿಯನ್ನು ನಗರದ ವಸತಿಗೆ ವ್ಯಾಪಕವಾಗಿ ಅಳವಡಿಸಿದ ಕೀರ್ತಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ನಗರಕ್ಕೆ ಸಲ್ಲುತ್ತದೆ. ಬರ್ನಿ ಸ್ಯಾಂಡರ್ಸ್ ಮೇಯರ್ ಆಗಿದ್ದ ಕಾಲದಲ್ಲಿ, 1984ರಲ್ಲಿ, ನಗರಾಡಳಿತದ 2 ಲಕ್ಷ ಡಾಲರ್ ನೆರವಿನೊಂದಿಗೆ ಅಲ್ಲಿ ಭೂ ಟ್ರಸ್ಟ್ ಆರಂಭವಾಯಿತು. 2006ರಲ್ಲಿ ಮತ್ತೊಂದು ವಸತಿ ಸಂಸ್ಥೆಯೊಂದಿಗೆ ವಿಲೀನಗೊಂಡು ಅದು ಚಾಂಪ್ಲೇನ್ ಹೌಸಿಂಗ್ ಟ್ರಸ್ಟ್ ಎಂಬ ಹೆಸರನ್ನು ಪಡೆಯಿತು.

ಇದರ ಕಾರ್ಯವಿಧಾನ ಹೀಗಿದೆ. ನೆಲ ಟ್ರಸ್ಟಿನದಾಗಿ ಉಳಿಯುತ್ತದೆ. ಕುಟುಂಬ ಮನೆಯನ್ನು ಮಾತ್ರ ಕೊಳ್ಳುತ್ತದೆ. ನೆಲದ ಬೆಲೆ ಸೇರದಿರುವುದರಿಂದ ಮನೆಯ ಬೆಲೆ ಕಡಿಮೆ. ಮನೆಯನ್ನು ಮಾರುವಾಗ ಕುಟುಂಬವು ತಾನು ತೀರಿಸಿದ ಅಸಲನ್ನು ಮರಳಿ ಪಡೆಯುವುದರ ಜೊತೆಗೆ ಏರಿದ ಮೌಲ್ಯದ ಶೇ. 25 ಭಾಗವನ್ನು ಪಡೆಯುತ್ತದೆ. ಉದಾಹರಣೆಗೆ, ಮನೆಯ ಮೌಲ್ಯ 40,000 ಡಾಲರ್ ಏರಿದ್ದರೆ ಅದರಲ್ಲಿ ಮಾರುವವರಿಗೆ ಸೇರುವುದು 10,000 ಡಾಲರ್. ಉಳಿದ 30,000 ಡಾಲರ್ ಮನೆಯಲ್ಲಿಯೇ ಉಳಿದು, ಮುಂದೆ ಬರುವ ಕುಟುಂಬಕ್ಕೆ ಬೆಲೆಯ ಇಳಿಕೆಯ ರೂಪದಲ್ಲಿ ಒದಗುತ್ತದೆ. ಹೀಗೆ ಸಾರ್ವಜನಿಕರ ಹಣ ಒಮ್ಮೆ ತೊಡಗಿದರೆ ಅದು ಒಂದು ಕುಟುಂಬದ ಲಾಭವಾಗಿ ಕರಗಿಹೋಗದೆ ಮನೆಯಿಂದ ಮನೆಗೆ, ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆ.

ಟ್ರಸ್ಟಿನ ಆಡಳಿತ ಮಂಡಳಿಯ ರಚನೆಯೂ ವಿಶಿಷ್ಟವಾದುದು. ಪ್ರಚಲಿತ ಮಾದರಿಯಲ್ಲಿ ಮೂರನೆಯ ಒಂದು ಭಾಗ ಟ್ರಸ್ಟಿನ ನೆಲದ ಮೇಲೆ ವಾಸಿಸುವವರು, ಇನ್ನೊಂದು ಭಾಗ ಸುತ್ತಲಿನ ನಿವಾಸಿಗಳು, ಮತ್ತೊಂದು ಭಾಗ ಸಾರ್ವಜನಿಕ ಹಿತದ ಪ್ರತಿನಿಧಿಗಳು. ಒಳಗಿನವರಿಗೆ ಮಾತ್ರ ಅಧಿಕಾರವಿದ್ದರೆ ಅವರು ಒಟ್ಟುಗೂಡಿ ಬೆಲೆಯ ಕಟ್ಟುಪಾಡನ್ನೇ ತೆಗೆದುಹಾಕಬಹುದು. ಹೊರಗಿನವರಿಗೆ ಮಾತ್ರ ಇದ್ದರೆ ನಿವಾಸಿಗಳು ಮತ್ತೆ ಒಕ್ಕಲುಗಳಾಗುತ್ತಾರೆ. ಈ ಎರಡೂ ಅಪಾಯಗಳನ್ನು ತಡೆಯುವುದು ಈ ಹಂಚಿಕೆಯ ಉದ್ದೇಶ. 1992ರಲ್ಲಿ ಅಮೆರಿಕದ ಫೆಡರಲ್ ಕಾನೂನು ಭೂ ಟ್ರಸ್ಟನ್ನು ವ್ಯಾಖ್ಯಾನಿಸಿ ಮನ್ನಣೆ ನೀಡಿತು. 2008ರ ಗೃಹಸಾಲದ ಬಿಕ್ಕಟ್ಟಿನ ನಂತರ, 2010ರ ಕೊನೆಯಲ್ಲಿ, ಭೂ ಟ್ರಸ್ಟುಗಳ ಮನೆಸಾಲಗಳಲ್ಲಿ ಜಪ್ತಿ ಪ್ರಕ್ರಿಯೆಗೆ ಒಳಗಾದವು ಶೇ. 0.46 ಮಾತ್ರ, ಸಾಮಾನ್ಯ ಮಾರುಕಟ್ಟೆಯಲ್ಲಿ ಈ ಪ್ರಮಾಣ ಶೇ. 4.63 ಆಗಿತ್ತು. ಸಾಲಗಾರ ಕುಟುಂಬ ಕಷ್ಟಕ್ಕೆ ಸಿಕ್ಕಾಗ ಟ್ರಸ್ಟು ಮೊದಲೇ ಮಧ್ಯೆ ಪ್ರವೇಶಿಸುವುದು ಇದಕ್ಕೆ ಮುಖ್ಯ ಕಾರಣ.

4. ಬೆಲ್ಜಿಯಂ ಮತ್ತು ಫ್ರಾನ್ಸ್: ಅವಧಿಯ ಸಮಸ್ಯೆ

ಗುತ್ತಿಗೆಯ ಪರಂಪರೆ ಬಲವಾಗಿರುವ ಕಾನೂನಿನಲ್ಲಿ ಹುಟ್ಟಿದ ಈ ಪದ್ಧತಿಯನ್ನು ರೋಮನ್ ಪರಂಪರೆಯ ದೇಶಗಳಿಗೆ ಒಯ್ಯುವುದು ಸುಲಭವಾಗಿರಲಿಲ್ಲ. ಬೆಲ್ಜಿಯಂನ ಬ್ರಸೆಲ್ಸ್ ನಗರದಲ್ಲಿ 2012ರಲ್ಲಿ ಭೂ ಟ್ರಸ್ಟ್ ಸ್ಥಾಪನೆಯಾದಾಗ ಎರಡು ತೊಡಕುಗಳು ಎದುರಾದವು. ಇಂಗ್ಲಿಷ್ ಮಾದರಿಯ ಟ್ರಸ್ಟ್ ಎಂಬ ಪರಿಕಲ್ಪನೆಗೆ ಅಲ್ಲಿನ ಕಾನೂನಿನಲ್ಲಿ ನೇರವಾದ ಸ್ಥಾನವಿರಲಿಲ್ಲ. ಆದುದರಿಂದ ನೆಲವನ್ನು ಹಿಡಿದಿಡಲು ಸಾರ್ವಜನಿಕ ಹಿತದ ಪ್ರತಿಷ್ಠಾನವೊಂದನ್ನೂ ದಿನನಿತ್ಯದ ನಿರ್ವಹಣೆಗೆ ಲಾಭರಹಿತ ಸಂಘವೊಂದನ್ನೂ ಪ್ರತ್ಯೇಕವಾಗಿ ರಚಿಸಲಾಯಿತು. ಎರಡನೆಯ ತೊಡಕು ಅವಧಿಯದು. 1824ರ ಕಾನೂನಿನಂತೆ ಮೇಲ್ಮೈ ಹಕ್ಕಿನ ಗರಿಷ್ಠ ಅವಧಿ 50 ವರ್ಷ. ಮನೆ ಕೈ ಬದಲಾದಾಗಲೆಲ್ಲ ಹೊಸ ಹಕ್ಕನ್ನು ಬರೆದುಕೊಡುವ ಮೂಲಕ ಈ ಮಿತಿಯನ್ನು ದಾಟಲಾಯಿತು. 2021ರಲ್ಲಿ ಜಾರಿಗೆ ಬಂದ ಹೊಸ ಸ್ವತ್ತು ಕಾನೂನು ಗರಿಷ್ಠ ಅವಧಿಯನ್ನು 99 ವರ್ಷಗಳಿಗೆ ಏರಿಸಿತು.

ಫ್ರಾನ್ಸ್ ಈ ತಂತ್ರವನ್ನು ಶಾಸನದಲ್ಲಿಯೇ ಅಳವಡಿಸಿತು. 2014ರ ಕಾಯಿದೆಯು ಬಡವರ ವಸತಿಗಾಗಿ ನೆಲವನ್ನು ಹಿಡಿದಿಡುವ ಸಂಸ್ಥೆಗಳಿಗೆ ಅವಕಾಶ ನೀಡಿತು. 2016ರಲ್ಲಿ ಅವುಗಳಿಗಾಗಿಯೇ ವಿಶೇಷ ಗುತ್ತಿಗೆಯೊಂದನ್ನು ರೂಪಿಸಲಾಯಿತು. 18ರಿಂದ 99 ವರ್ಷಗಳವರೆಗಿನ ಈ ಗುತ್ತಿಗೆಯ ವೈಶಿಷ್ಟ್ಯವೆಂದರೆ ಮನೆಯ ಪ್ರತಿ ವರ್ಗಾವಣೆಯೊಂದಿಗೆ ಅವಧಿ ಮತ್ತೆ ಮೊದಲಿನಿಂದ ಆರಂಭವಾಗುವುದು. ಮೂವತ್ತು ವರ್ಷ ವಾಸಿಸಿ ಹೊರಟ ಕುಟುಂಬದ ನಂತರ ಬರುವವರಿಗೆ ಉಳಿದ ಅವಧಿಯ ಬದಲು ಪೂರ್ಣಾವಧಿಯೇ ದೊರೆಯುತ್ತದೆ. ಮೂಲಗೇಣಿಯಲ್ಲಿ ರೂಢಿಯಿಂದಲೇ ಸಾಧಿತವಾಗಿದ್ದ ಶಾಶ್ವತತೆಯನ್ನು ಅಲ್ಲಿ ಇಂತಹ ನವೀಕರಣದ ಮೂಲಕ ಸಾಧಿಸಬೇಕಾಯಿತು.

5. ಪೋರ್ಟೊರಿಕೊ: ಬಡಾವಣೆಯ ಸ್ವರಕ್ಷಣೆ

ಸ್ಪ್ಯಾನಿಷ್ ನಾಗರಿಕ ಸಂಹಿತೆಯ ಮೇಲೆ ಅಮೆರಿಕದ ಕಾನೂನಿನ ಪದರ ಬಿದ್ದಿರುವ ಪೋರ್ಟೊರಿಕೊದಲ್ಲಿ ಮಿಶ್ರ ಪರಂಪರೆಯಿದೆ. ಅಲ್ಲಿನ ರಾಜಧಾನಿ ಸಾನ್ ಹುವಾನ್‌ನ ಮಾರ್ಟಿನ್ ಪೆನ್ಯ ಕಾಲುವೆಯ ದಡದಲ್ಲಿ, ಹಳ್ಳಿಗಾಡಿನಿಂದ ಕೂಲಿ ಅರಸಿ ಬಂದವರು ಕಳೆದ ಶತಮಾನದ ಪೂರ್ವಾರ್ಧದಲ್ಲಿ ಜೌಗುನೆಲವನ್ನು ತುಂಬಿ ಗುಡಿಸಲು ಕಟ್ಟಿಕೊಂಡರು. ಹೂಳು ತುಂಬಿದ ಕಾಲುವೆಯನ್ನು ತೋಡಿ ಸ್ವಚ್ಛಗೊಳಿಸುವ ಸರ್ಕಾರಿ ಯೋಜನೆ ಬಂದಾಗ ನಿವಾಸಿಗಳಿಗೆ ಸಂತೋಷದ ಜೊತೆಗೆ ಆತಂಕವೂ ಉಂಟಾಯಿತು. ಕಾಲುವೆ ಚೊಕ್ಕಟವಾದರೆ ನೆಲಕ್ಕೆ ಬೆಲೆ ಬರುತ್ತದೆ. ಬೆಲೆ ಬಂದರೆ ಬಡವರು ಉಳಿಯುವುದಿಲ್ಲ.

2002ರಿಂದ 2004ರವರೆಗೆ ನಡೆದ ನೂರಾರು ಸಭೆಗಳಲ್ಲಿ ನಿವಾಸಿಗಳು ಈ ಪ್ರಶ್ನೆಯನ್ನು ಚರ್ಚಿಸಿದರು. ಪ್ರತ್ಯೇಕ ಹಕ್ಕುಪತ್ರ, ಸಹಕಾರ ಸಂಘ, ಭೂ ಟ್ರಸ್ಟ್ ಮೊದಲಾದ ಆಯ್ಕೆಗಳನ್ನು ತೂಗಿ ನೋಡಿ ಭೂ ಟ್ರಸ್ಟನ್ನು ಆರಿಸಿಕೊಂಡರು. 2004ರ 489ನೆಯ ಕಾಯಿದೆಯು ಸುಮಾರು 200 ಎಕರೆ ಸಾರ್ವಜನಿಕ ನೆಲವನ್ನು ಸಮುದಾಯಕ್ಕಾಗಿ ಮೀಸಲಿರಿಸಿತು. ನೆಲ ಟ್ರಸ್ಟಿನದು, ಪ್ರತಿ ಕುಟುಂಬಕ್ಕೆ ನೋಂದಾಯಿತವಾದ, ವಂಶಪಾರಂಪರ್ಯವಾದ ಮೇಲ್ಮೈ ಹಕ್ಕಿನ ಪತ್ರ. ಅದನ್ನು ಅಡವಿಡಬಹುದು, ಮಕ್ಕಳಿಗೆ ಬಿಟ್ಟುಕೊಡಬಹುದು. ಮಾರುವುದಾದರೆ ಕೊಳ್ಳುವ ಮೊದಲ ಅವಕಾಶ ಟ್ರಸ್ಟಿಗೆ.

ಶಾಸನದಿಂದ ಬಂದ ಹಕ್ಕನ್ನು ಶಾಸನವೇ ಕಿತ್ತುಕೊಳ್ಳಬಹುದೆಂಬುದಕ್ಕೂ ಈ ಪ್ರಕರಣ ನಿದರ್ಶನವಾಯಿತು. 2009ರಲ್ಲಿ ಹೊಸ ಕಾಯಿದೆಯೊಂದು ನೆಲವನ್ನು ಟ್ರಸ್ಟಿನಿಂದ ಹಿಂಪಡೆಯಿತು. ನಿವಾಸಿಗಳ ದೀರ್ಘ ಹೋರಾಟದ ನಂತರ 2013ರ ತಿದ್ದುಪಡಿಯು ಅದನ್ನು ಮರಳಿಸಿತು. ಸಭೆಗಳ ಮೂಲಕ ಕಟ್ಟಿದ ಸಂಘಟನೆ ಇಲ್ಲದಿದ್ದಲ್ಲಿ ಹೀಗೆ ಮರಳಿ ಪಡೆಯುವುದು ಸಾಧ್ಯವಿರಲಿಲ್ಲ. ಬಡಾವಣೆಗೆ 2016ರಲ್ಲಿ ವಿಶ್ವ ವಸತಿ ಪ್ರಶಸ್ತಿ ಸಂದಿತು.

6. ಉರುಗ್ವೆ: ಶಾಸನವಾದ ಮುಯ್ಯಿ

ಭೂ ಟ್ರಸ್ಟಿನ ಕೇಂದ್ರ ನೆಲವಾದರೆ, ಉರುಗ್ವೆ ದೇಶದ ವಸತಿ ಸಹಕಾರ ಸಂಘಗಳ ಕೇಂದ್ರ ದುಡಿಮೆ. 1968ರ ಡಿಸೆಂಬರಿನಲ್ಲಿ ಅಂಗೀಕೃತವಾದ ಅಲ್ಲಿನ ರಾಷ್ಟ್ರೀಯ ವಸತಿ ಕಾಯಿದೆಯು ‘ಪರಸ್ಪರ ನೆರವಿನ’ ಸಹಕಾರ ಸಂಘಗಳಿಗೆ ಮನ್ನಣೆ ನೀಡಿತು. ಸರ್ಕಾರ ಸಾಲ ಕೊಡುತ್ತದೆ. ಸದಸ್ಯ ಕುಟುಂಬಗಳು ದುಡಿಮೆ ಕೊಡುತ್ತವೆ. ಪ್ರತಿ ಕುಟುಂಬ ವಾರಕ್ಕೆ ಸಾಮಾನ್ಯವಾಗಿ 21 ಗಂಟೆ ಕಟ್ಟಡದ ಕೆಲಸ ಮಾಡಬೇಕು. ಈ ಗಂಟೆಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಲಾಗುತ್ತದೆ. ಯಾವ ಮನೆ ಯಾರಿಗೆಂಬುದನ್ನು ಕಟ್ಟಡ ಮುಗಿದ ಮೇಲೆ ಚೀಟಿ ಎತ್ತಿ ನಿರ್ಧರಿಸುವ ರೂಢಿ ಅನೇಕ ಸಂಘಗಳಲ್ಲಿದೆ. ತನ್ನ ಮನೆ ಯಾವುದೆಂದು ಮೊದಲೇ ತಿಳಿಯದಿರುವುದರಿಂದ ಪ್ರತಿಯೊಬ್ಬನೂ ಎಲ್ಲ ಮನೆಗಳನ್ನೂ ತನ್ನದೆಂಬಂತೆ ಕಟ್ಟುತ್ತಾನೆ.

ಮುಯ್ಯಿಯೊಂದಿಗೆ ಇದರ ಸಾಮ್ಯ ಸ್ಪಷ್ಟವಾದುದು; ಭೇದವೂ ಅಷ್ಟೇ ಮುಖ್ಯ. ಮುಯ್ಯಿಯಲ್ಲಿ ಲೆಕ್ಕ ಇಬ್ಬರ ನೆನಪಿನಲ್ಲಿರುತ್ತದೆ, ತಪ್ಪಿದವನಿಗೆ ಊರಿನ ಅವಮಾನವೇ ದಂಡ. ಸಾಮಾನ್ಯವಾಗಿ ಅದು ಒಂದೇ ಜಾತಿ ಅಥವಾ ನೆಂಟಸ್ತಿಕೆಯ ಪರಿಧಿಯೊಳಗೆ ನಡೆಯುತ್ತದೆ. ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ. ಉರುಗ್ವೆಯ ಸಂಘಗಳಲ್ಲಿ ಅಪರಿಚಿತ ಕಾರ್ಮಿಕ ಕುಟುಂಬಗಳು ಸದಸ್ಯತ್ವದ ಮೂಲಕ ನೆರೆಹೊರೆಯಾಗುತ್ತವೆ. ಸಾಂಪ್ರದಾಯಿಕ ಸಹಾಯವಿನಿಮಯವನ್ನು ಬಂಧುತ್ವದ ಗಡಿಯಿಂದ ಬಿಡಿಸಿ ಪೌರತ್ವದ ನೆಲೆಗೆ ತಂದುದು ಈ ಶಾಸನದ ಸಾಧನೆ.

ಈ ಸಂಘಗಳಲ್ಲಿ ಬಳಕೆದಾರ ಮಾದರಿಯವು ಹೆಚ್ಚು ಪ್ರಸಿದ್ಧ. ಅವುಗಳಲ್ಲಿ ಮನೆ ಸಂಘದ ಸ್ವತ್ತು. ಕುಟುಂಬಕ್ಕೆ ವಂಶಪಾರಂಪರ್ಯವಾದ ಬಳಕೆಯ ಹಕ್ಕು. 1973ರಿಂದ 1985ರವರೆಗೆ ದೇಶವನ್ನಾಳಿದ ಸೈನಿಕ ಸರ್ಕಾರವು ಈ ಮನೆಗಳನ್ನು ಖಾಸಗಿ ಸ್ವತ್ತಾಗಿ ಪರಿವರ್ತಿಸಲು ಕಾನೂನು ತಂದಿತು. ಕುಟುಂಬಗಳಿಗೆ ಪೂರ್ಣ ಒಡೆತನ ಕೊಡುತ್ತೇವೆಂಬ ಮಾತು ಮೇಲ್ನೋಟಕ್ಕೆ ಉದಾರವೆನಿಸುತ್ತಿತ್ತು. ಆದರೆ 1970ರಲ್ಲಿ ಸ್ಥಾಪಿತವಾಗಿದ್ದ ಈ ಸಂಘಗಳ ಒಕ್ಕೂಟವಾದ ಫುಕ್ವಾಮ್ ಅದನ್ನು ವಿರೋಧಿಸಿ, 1984ರ ಫೆಬ್ರವರಿಯಲ್ಲಿ ಒಂದೇ ದಿನ 3 ಲಕ್ಷಕ್ಕೂ ಹೆಚ್ಚು ಸಹಿಗಳನ್ನು ಸಂಗ್ರಹಿಸಿತು. ಸ್ವಂತ ಹೆಸರಿನ ಪತ್ರವನ್ನು ಬಡವರೇ ನಿರಾಕರಿಸಿದ ಈ ಘಟನೆ ವಸತಿ ಚರಿತ್ರೆಯಲ್ಲಿ ವಿರಳವಾದುದು.

ಥಾಯ್ಲೆಂಡಿನಲ್ಲಿ 2003ರಲ್ಲಿ ಆರಂಭವಾದ ‘ಬಾನ್ ಮನ್‌ಕೋಂಗ್’ ಯೋಜನೆಯು ಈ ಎರಡು ಮಾದರಿಗಳ ನಡುವಿನದು. ಅಲ್ಲಿ ಕೊಳೆಗೇರಿಯ ನಿವಾಸಿಗಳು ಮೊದಲು ಉಳಿತಾಯ ಗುಂಪು ಕಟ್ಟಿ, ನಂತರ ಸಹಕಾರ ಸಂಘವಾಗಿ ನೋಂದಾಯಿಸಿಕೊಂಡು, ನೆಲದ ಒಡೆಯರೊಂದಿಗೆ ಒಟ್ಟಾಗಿ ಮಾತುಕತೆ ನಡೆಸಿ, ಸಂಘದ ಹೆಸರಿನಲ್ಲಿ ನೆಲವನ್ನು ಗುತ್ತಿಗೆಗೆ ಪಡೆಯುತ್ತಾರೆ ಅಥವಾ ಕೊಳ್ಳುತ್ತಾರೆ. ಸರ್ಕಾರದ ಸಾಲವೂ ವ್ಯಕ್ತಿಗಳಿಗಲ್ಲ, ಸಂಘಕ್ಕೆ.

7. ಒಂದೇ ಕಾನೂನು, ಎರಡು ಪರಿಣಾಮ

ಮೇಲಿನ ನಿದರ್ಶನಗಳಿಂದ ಒಂದು ಮುಖ್ಯ ಸಮಸ್ಯೆ ಹೊರಪಡುತ್ತದೆ. ಗೇಣಿದಾರನಿಗೆ ಒಡೆತನ ಕೊಡಿಸುವ ಕಾನೂನುಗಳು ಸಾಮಾಜಿಕ ನ್ಯಾಯದ ಫಲಗಳು. ಇಂಗ್ಲೆಂಡಿನ 1967ರ ಗುತ್ತಿಗೆ ಸುಧಾರಣಾ ಕಾಯಿದೆಯು ದೀರ್ಘಾವಧಿ ಗುತ್ತಿಗೆದಾರರಿಗೆ ನೆಲವನ್ನು ಕೊಂಡುಕೊಳ್ಳುವ ಹಕ್ಕನ್ನು ನೀಡಿತು. ಕರ್ನಾಟಕದಲ್ಲಿ 1974ರಲ್ಲಿ ಜಾರಿಗೆ ಬಂದ ಭೂ ಸುಧಾರಣೆಯ ತಿದ್ದುಪಡಿ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯನ್ನು ನಿಜವಾಗಿಸಿತು. 2011ರ ಕಾಯಿದೆ ಮೂಲಗೇಣಿದಾರರಿಗೆ ಒಡೆತನ ನೀಡಲು ಉದ್ದೇಶಿಸಿತು. ಒಬ್ಬ ಭೂಮಾಲೀಕನ ಎದುರು ಇಂತಹ ಕಾನೂನು ದುರ್ಬಲನ ಆಸರೆ. ಆದರೆ ನೆಲದ ಒಡೆಯ ಸಮುದಾಯವೇ ಆಗಿರುವಲ್ಲಿ ಅದೇ ಕಾನೂನು ಸಮುದಾಯದ ಸ್ವತ್ತನ್ನು ತುಂಡು ತುಂಡಾಗಿ ಮಾರುಕಟ್ಟೆಗೆ ಬಿಡುತ್ತದೆ. ಇಂಗ್ಲೆಂಡಿನಲ್ಲಿ 2008ರ ಕಾಯಿದೆಯಲ್ಲಿ ಭೂ ಟ್ರಸ್ಟಿಗೆ ವ್ಯಾಖ್ಯಾನ ದೊರೆತ ನಂತರವೂ ಗುತ್ತಿಗೆದಾರರ ಈ ಹಕ್ಕು ಟ್ರಸ್ಟುಗಳನ್ನು ಕಾಡುವ ಪ್ರಶ್ನೆಯಾಯಿತು. ಒಡೆಯ ಯಾರೆಂಬುದನ್ನು ವಿವೇಚಿಸದೆ ಎಲ್ಲ ಒಡೆತನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇಲ್ಲಿನ ದೋಷ.

ಕರ್ನಾಟಕದ ಸಮಕಾಲೀನ ಸಂದರ್ಭಕ್ಕೂ ಇದು ಅನ್ವಯಿಸುತ್ತದೆ. 2016ರ ಭೂ ಸುಧಾರಣಾ ತಿದ್ದುಪಡಿಯು ‘ವಾಸಿಸುವವನೇ ನೆಲದೊಡೆಯ’ ಎಂಬ ಆಶಯದೊಂದಿಗೆ ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ ಮೊದಲಾದ ದಾಖಲೆರಹಿತ ಜನವಸತಿಗಳ ಕುಟುಂಬಗಳಿಗೆ ಮನೆಯ ನೆಲದ ಒಡೆತನವನ್ನು ನೀಡಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ತಲೆಮಾರುಗಳ ಅಭದ್ರತೆಗೆ ಕೊನೆ ಹಾಡಿದ ಈ ಕ್ರಮದ ಮಹತ್ವ ಪ್ರಶ್ನಾತೀತ. ಇದರೊಂದಿಗೆ ಯೋಚಿಸಬೇಕಾದ ಇನ್ನೊಂದು ಅಂಶವಿದೆ. ತಾಂಡಾ ಎಂಬುದು ಮನೆಗಳ ಮೊತ್ತವಲ್ಲ; ನಾಯಕ, ಕಾರಭಾರಿಗಳ ಹಿರಿತನ, ಸೇವಾಲಾಲರ ಗುಡಿ, ಹಬ್ಬದ ಕುಣಿತದ ಬಯಲು ಇವೆಲ್ಲ ಸೇರಿ ತಾಂಡಾ. ಪತ್ರ ಕುಟುಂಬದ ಹೆಸರಿನಲ್ಲಿ ಬರುತ್ತದೆ. ಬಯಲು ಯಾರ ಹೆಸರಿನಲ್ಲಿ ಉಳಿಯುತ್ತದೆ? ಪಟ್ಟಣ ಸಮೀಪಿಸಿದಾಗ ಹಕ್ಕುಪತ್ರದ ನಿವೇಶನಗಳು ಹೊರಗಿನವರ ಕೈ ಸೇರಿದರೆ ಸಮುದಾಯ ಎಲ್ಲಿ ನೆಲೆಸುತ್ತದೆ? ಈ ಪ್ರಶ್ನೆಗಳಿಗೆ ಹಕ್ಕುಪತ್ರ ಒಂದೇ ಉತ್ತರವಾಗಲಾರದು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ ಗ್ರಾಮದವರು 2013ರಲ್ಲಿ ಆ ರಾಜ್ಯದ 1964ರ ಗ್ರಾಮದಾನ ಕಾಯಿದೆಯಂತೆ ತಮ್ಮ ಭೂಮಿಯನ್ನು ಗ್ರಾಮಸಭೆಗೆ ಒಪ್ಪಿಸಲು ಮುಂದಾದುದು ಇಂತಹ ಪ್ರಶ್ನೆಗೆ ಒಂದು ಸಮುದಾಯ ಕಂಡುಕೊಂಡ ಉತ್ತರ.

8. ಸಮಾರೋಪ

ಈ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಸಮುದಾಯ ವಸತಿಗೆ ಯಾವುದೇ ಒಂದು ಕಾನೂನು ಪರಂಪರೆ ಅನಿವಾರ್ಯವಲ್ಲ. ಇಂಗ್ಲಿಷ್ ಗುತ್ತಿಗೆ, ರೋಮನ್ ಮೇಲ್ಮೈ ಹಕ್ಕು, ಸಹಕಾರ ಕಾಯಿದೆ, ವಿಶೇಷ ಶಾಸನ ಇವುಗಳಲ್ಲಿ ಯಾವುದನ್ನಾದರೂ ಸಮುದಾಯಗಳು ತಮ್ಮ ಅಗತ್ಯಕ್ಕೆ ಬಗ್ಗಿಸಿಕೊಂಡಿವೆ. ಎರಡನೆಯದಾಗಿ, ಎಲ್ಲೆಡೆಯೂ ಪದ್ಧತಿಯ ಅಳಿವು ಉಳಿವು ನಿಂತಿರುವುದು ಮರುಮಾರಾಟದ ಕಟ್ಟುಪಾಡಿನ ಮೇಲೆ. ಅದನ್ನು ತೆಗೆದರೆ ಒಂದೇ ತಲೆಮಾರಿನಲ್ಲಿ ಎಲ್ಲವೂ ಮಾರುಕಟ್ಟೆಗೆ ಮರಳುತ್ತದೆ. ಮೂರನೆಯದಾಗಿ, ಕಾನೂನಿನ ರಕ್ಷಣೆ ಅಲುಗಾಡಿದಾಗ ಪದ್ಧತಿಯನ್ನು ಉಳಿಸಿದ್ದು ನಿವಾಸಿಗಳ ಸಂಘಟನೆ. ಸಾನ್ ಹುವಾನ್‌ನ ಸಭೆಗಳೂ ಮಾಂಟೆವಿಡಿಯೊದ ಸಹಿಗಳೂ ಇದನ್ನೇ ಹೇಳುತ್ತವೆ.

ಜಾನಪದ ಅಧ್ಯಯನಕ್ಕೆ ಇಲ್ಲೊಂದು ಹೊಣೆಯಿದೆ. ಮನೆಯ ನೆಲವನ್ನು ಗುರುತಿಸುವ, ಹಂಚುವ, ಬಿಟ್ಟುಕೊಡುವ ರೂಢಿಗಳು, ಮುಯ್ಯಿಯ ಲೆಕ್ಕಗಳು, ತಾಂಡಾ ಮತ್ತು ಹಟ್ಟಿಗಳ ಸಾಮೂಹಿಕ ಜಾಗಗಳ ಕಟ್ಟಳೆಗಳು ಇವುಗಳ ಸಮಗ್ರ ದಾಖಲೀಕರಣ ಆಗಬೇಕಾಗಿದೆ. ಈ ರೂಢಿಗಳಲ್ಲಿ ಜಾತಿ ಮತ್ತು ಲಿಂಗಗಳ ಅಸಮಾನತೆಯೂ ಬೆರೆತಿದೆ ಎಂಬುದನ್ನು ಮರೆಯದೆ, ಆರಾಧನೆಯ ದೃಷ್ಟಿಯಿಂದಲ್ಲದೆ ವಿಮರ್ಶೆಯ ದೃಷ್ಟಿಯಿಂದ ಈ ಕಾರ್ಯ ನಡೆಯಬೇಕು. 1866ರಲ್ಲಿ ನ್ಯಾಯಾಲಯವೊಂದು ದೇಶದ ರೂಢಿಯನ್ನು ಕೇಳಿ ತಿಳಿದು ಕಾನೂನನ್ನು ಹೇಳಿತು. ಇಂದಿನ ವಸತಿ ಶಾಸನಗಳನ್ನು ರೂಪಿಸುವವರಿಗೂ ಅಂತಹ ಆಧಾರ ಸಾಮಗ್ರಿ ದೊರೆಯಬೇಕಾದರೆ ರೂಢಿಗಳು ಬಲ್ಲವರ ನೆನಪಿನಿಂದ ಮಾಸುವ ಮುನ್ನ ಬರಹಕ್ಕೆ ಇಳಿಯಬೇಕು.